ಸುಳಿ ಎಲ್ಲಿ ನಿಲ್ಲಬೇಕು

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಪದ ತೋರಿಸುತ್ತೇನೆ. ಪರದೆ ಮೇಲೆ ಎರಡೇ ಸೆಕೆಂಡು ಇರುತ್ತದೆ. ಏನು ಕಂಡಿತು ಅಂತ ಜೋರಾಗಿ ಹೇಳಿಬಿಡಿ.

ಸರಿ. ನಿಮ್ಮಲ್ಲಿ ಹೆಚ್ಚಿನವರು ‘ಕೃತಿಗಳು’ ಅಂದಿರಿ. ಅಲ್ಲಿ ಬರೆದಿದ್ದದ್ದು ‘ಕತೆಗಳು’.

ತಪ್ಪು ನಿಮ್ಮದಲ್ಲ. ಇದು ನಾನು ಮಾಡಿದ ಮೊದಲ ಅಲಂಕಾರದ ಫಾಂಟ್. ಮಕ್ಕಳ ಕತೆಪುಸ್ತಕವೊಂದರ ಮುಖಪುಟಕ್ಕೆ ಅಂತ ಶುರುವಾದ ಕೆಲಸ. ಅಕ್ಷರಗಳು ಬಳ್ಳಿ ಥರ ಹಬ್ಬಬೇಕು, ನೋಡಿದ ಕೂಡಲೇ ಮಗುವಿಗೆ ಖುಷಿಯಾಗಬೇಕು ಅನ್ನುವ ಆಸೆ ನನಗೆ. ಹಾಗಾಗಿ ಕ ಅಕ್ಷರದ ಕೆಳಗಿನ ಗೆರೆಯನ್ನು ಎಳೆದು, ಬಲಕ್ಕೆ ಬಾಗಿಸಿ, ಒಂದು ಸುತ್ತು ಸುತ್ತಿಸಿ ಬಿಟ್ಟೆ. ಒಂಟಿಯಾಗಿ ನೋಡಿದರೆ ಆ ಕ ತುಂಬಾ ಚೆನ್ನಾಗಿತ್ತು. ಮುಖಪುಟದ ಮೊದಲ ಪ್ರತಿ ನೋಡಿದವರು ‘ಮಕ್ಕಳ ಕೃತಿಗಳಾ?’ ಅಂತ ಕೇಳಿದರು. ಇಲ್ಲ, ಕತೆಗಳು ಅಂದೆ. ಅವರು ಕ ಕೆಳಗೆ ಬೆರಳಿಟ್ಟು, ‘ಇಲ್ಲಿ ವಟ್ರಸುಳಿ ಇದೆಯಲ್ಲ’ ಅಂದರು.

ನೋಡಿದೆ. ಹೌದು, ಇತ್ತು. ನಾನು ಅಂದಕ್ಕೆ ಅಂತ ಹಾಕಿದ್ದನ್ನು ಅವರು ಋ ಸ್ವರದ ಗುರುತು ಅಂತ ಓದಿದ್ದರು. ‘ಕೃತೆಗಳು’ ಅನ್ನುವ ಪದ ಇಲ್ಲ. ಆದ್ದರಿಂದ ಮನಸ್ಸು ತಾನೇ ತಿದ್ದಿಕೊಂಡು ‘ಕೃತಿಗಳು’ ಮಾಡಿಕೊಂಡಿತ್ತು. ನಾವು ಓದುವಾಗ ಒಂದೊಂದೇ ಅಕ್ಷರ ಎಣಿಸುತ್ತಾ ಹೋಗುವುದಿಲ್ಲ, ಅಲ್ವಾ? ಒಂದು ಗುರುತು ಸಿಕ್ಕರೆ ಸಾಕು, ಉಳಿದದ್ದನ್ನು ಊಹಿಸಿ ಮುಂದೆ ಹೋಗುತ್ತೇವೆ. ನಾನು ಆ ಓದುಗರಿಗೆ ತಪ್ಪು ಗುರುತು ಕೊಟ್ಟಿದ್ದೆ.

ವಟ್ರಸುಳಿ. ಹೆಸರಲ್ಲೇ ಸುಳಿ ಇದೆ ನೋಡಿ. ಆವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಸುಳಿಗೇ ಅರ್ಥ ಇರುವ ಲಿಪಿಯಲ್ಲಿ, ಸುಮ್ನೆ ಚೆಂದಕ್ಕೆ ಅಂತ ಒಂದು ಸುಳಿ ಹಾಕಲು ಜಾಗ ಎಲ್ಲಿದೆ? ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ.

ಮೊದಲು ಯಾವ ಥರದ ಫಾಂಟ್ ಬಗ್ಗೆ ಮಾತಾಡುತ್ತಿದ್ದೇವೆ ಅಂತ ಹೇಳಿಬಿಡುತ್ತೇನೆ. ಪುಸ್ತಕದ ಒಳಪುಟಗಳಲ್ಲಿ ಇರುವ ಅಕ್ಷರ ಗಂಟೆಗಟ್ಟಲೆ ಓದಿಸಿಕೊಳ್ಳಬೇಕು. ಹತ್ತು ಹನ್ನೆರಡು ಪಾಯಿಂಟ್ ಅಳತೆಯಲ್ಲಿ, ಕಣ್ಣಿಗೆ ಆಯಾಸ ಮಾಡದೆ. ಡಿಸ್ಪ್ಲೇ ಫಾಂಟ್‌ನ ಕೆಲಸ ಬೇರೆ. ಶೀರ್ಷಿಕೆ, ಭಿತ್ತಿಪತ್ರ, ಫಲಕ, ಮುಖಪುಟ, ಆಟದ ಡಬ್ಬಿ. ಅಲ್ಲಿ ಇರುವುದು ಎರಡು ಮೂರು ಪದ, ಅದೂ ದೊಡ್ಡದಾಗಿ. ದೂರದಿಂದ ಕರೆಯಬೇಕು, ಕರೆಯುವಾಗಲೇ ಒಳಗೆ ಏನಿದೆ ಅನ್ನುವ ಸುಳಿವು ಕೊಡಬೇಕು. ಇದರಲ್ಲೇ ತಮಾಷೆಯ, ತುಂಟತನದ ಫಾಂಟ್‌ಗಳದ್ದು ಒಂದು ಗುಂಪು. ಸುರುಳಿ, ಚುಕ್ಕಿ, ಉಬ್ಬು, ಓರೆಕೋರೆ ನಿಲುವು. ಜನ ಇವನ್ನು ಹಗುರವಾಗಿ ನೋಡುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಮಗು ಮೊದಲ ಸಲ ಕೈಗೆತ್ತಿಕೊಳ್ಳುವ ಪುಸ್ತಕದ ಮೇಲೆ ಇರುವುದು ಹೆಚ್ಚಾಗಿ ಇಂಥದೇ ಅಕ್ಷರ.

ಈ ಅಕ್ಷರಗಳು ಹುಟ್ಟಿದ್ದೇ ಬೀದಿಯ ಗೋಡೆಗಾಗಿ. ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ ಲಂಡನ್‌ನಲ್ಲಿ ನಾಟಕ, ಲಾಟರಿ, ಸಂತೆ, ಸಾಮಾನು ಎಲ್ಲದಕ್ಕೂ ಭಿತ್ತಿಪತ್ರ ಅಂಟಿಸುವುದು ಜಾಸ್ತಿಯಾಯಿತು. ಪುಸ್ತಕದ ಅಕ್ಷರವನ್ನೇ ಹಿಗ್ಗಿಸಿದರೆ ಗೋಡೆ ಮೇಲೆ ಅದು ಕಾಣುತ್ತಲೇ ಇರಲಿಲ್ಲ. ದಪ್ಪ ಅಕ್ಷರ ಬಂತು, ನೆರಳು ಬಿದ್ದ ಅಕ್ಷರ ಬಂತು, ಹೂ ಕೆತ್ತಿದ ಅಕ್ಷರ ಬಂತು. ಆದರೆ ದೊಡ್ಡ ಅಳತೆಯ ಸೀಸದ ಅಚ್ಚುಮೊಳೆ ವಿಪರೀತ ಭಾರ. ಎರಕ ಆರುವಾಗ ಮೈ ಸಮವಾಗಿ ಬರುತ್ತಿರಲಿಲ್ಲ. 1827ರಲ್ಲಿ ನ್ಯೂಯಾರ್ಕ್‌ನ ಡೇರಿಯಸ್ ವೆಲ್ಸ್ ಮರದಲ್ಲಿ ಅಕ್ಷರ ಕೊರೆಯುವ ರೂಟರ್ ಯಂತ್ರ ಮಾಡಿದ. 1834ರಲ್ಲಿ ವಿಲಿಯಂ ಲೆವನ್‌ವರ್ತ್ ಅದಕ್ಕೆ ಪ್ಯಾಂಟೋಗ್ರಾಫ್ ಜೋಡಿಸಿದ. ಒಂದು ಮಾದರಿಯ ಅಂಚಿನ ಮೇಲೆ ಮೊಳೆ ಓಡಿಸಿದರೆ ಸಾಕು, ಆ ಕಡೆ ಅದೇ ಅಕ್ಷರ ಬೇಕಾದ ಅಳತೆಯಲ್ಲಿ ಕೊರೆದು ಬರುತ್ತಿತ್ತು. ಅಲ್ಲಿಂದ ಮುಂದೆ ಅಲಂಕಾರಕ್ಕೆ ತಡೆಯೇ ಇರಲಿಲ್ಲ.

ಆ ಕಾಲದವರಲ್ಲಿ ನನಗೆ ತುಂಬಾ ಇಷ್ಟವಾದವರು ಲೂಯಿ ಜಾನ್ ಪೌಶೇ. 1820ರ ದಶಕದಲ್ಲಿ ಲಂಡನ್‌ನಲ್ಲಿ ಅಚ್ಚುಮೊಳೆ ಕಾರ್ಖಾನೆ ನಡೆಸುತ್ತಿದ್ದರು. ಅವರ ಕಾರ್ಖಾನೆಯ ದೊಡ್ಡ ಅಲಂಕಾರದ ಅಕ್ಷರಗಳನ್ನು ಮರದಲ್ಲಿ ಕೆತ್ತಲಾಗಿತ್ತು. ಆ ಅಚ್ಚುಗಳು ಲಂಡನ್‌ನ ಸೇಂಟ್ ಬ್ರೈಡ್ ಲೈಬ್ರರಿಯಲ್ಲಿ ಉಳಿದಿವೆ. ಪರದೆ ಮೇಲೆ ಒಂದು ಅಕ್ಷರ ಹಾಕುತ್ತೇನೆ, ಹತ್ತಿರದಿಂದ ನೋಡಿ. ದಪ್ಪ ಕಂಬದಂಥ ಮೈ. ಅದರೊಳಗೆ ಹೂ, ಎಲೆ, ಹಣ್ಣು. ಬೇರೆ ಅಕ್ಷರಮಾಲೆಗಳಲ್ಲಿ ದನಕರು, ಹೊಲದ ದೃಶ್ಯ, ವಾದ್ಯಗಳೂ ಇವೆ. ಒಂದಿಂಚು ಜಾಗವನ್ನೂ ಖಾಲಿ ಬಿಟ್ಟಿಲ್ಲ. ಈಗ ಕಣ್ಣು ಅರ್ಧ ಮುಚ್ಚಿ ನೋಡಿ. ಹೂ ಮಾಯ. ಉಳಿಯುವುದು ನೇರವಾದ, ಗಟ್ಟಿಯಾದ ಒಂದು ಅಕ್ಷರ. ಹೊರಗಿನ ಅಂಚನ್ನು ಅವರು ಎಲ್ಲೂ ಮುಟ್ಟಿಲ್ಲ. ತೋಟವೆಲ್ಲ ಬೇಲಿಯ ಒಳಗೇ ಇದೆ.

ಅಂದ ಹೀಗೆ ಒಳಗೆ ತುಂಬಬಹುದು. ಇನ್ನೊಂದು ದಾರಿ ಅಕ್ಷರದ ಮೈಯನ್ನೇ ಬದಲಿಸುವುದು. 1910ರಲ್ಲಿ ಮಾರಿಸ್ ಫುಲ್ಲರ್ ಬೆಂಟನ್ ಅಮೆರಿಕನ್ ಟೈಪ್ ಫೌಂಡರ್ಸ್ ಕಂಪನಿಗೆ ‘ಹೋಬೋ’ ಅನ್ನುವ ಟೈಪ್‌ಫೇಸ್ ಮಾಡಿದರು. ಅದರಲ್ಲಿ ನೇರ ಗೆರೆ ಅನ್ನುವುದೇ ಇಲ್ಲ ಅನ್ನಬಹುದು. ಎಲ್ಲ ಕಂಬಗಳೂ ಸ್ವಲ್ಪ ಸ್ವಲ್ಪ ಬಾಗಿವೆ. ಕೆಳಗೆ ಇಳಿಯುವ ಬಾಲಗಳೂ ಇಲ್ಲ. ಜಿ, ವೈ, ಪಿ ಎಲ್ಲ ಗೆರೆಯ ಮೇಲೇ ಕೂತಿವೆ. ಒಂದೇ ಒಂದು ಹೂ ಇಲ್ಲ, ಸುಳಿ ಇಲ್ಲ, ಆದರೂ ನೋಡಿದರೆ ಮುಖದಲ್ಲಿ ನಗು ಬರುತ್ತದೆ. 1922ರಲ್ಲಿ ಶಿಕಾಗೋದ ಆಸ್ವಾಲ್ಡ್ ಕೂಪರ್ ಮಾಡಿದ ‘ಕೂಪರ್ ಬ್ಲ್ಯಾಕ್’ ಕೂಡ ಇದೇ ಜಾತಿ. ಮೂಲೆಗಳೆಲ್ಲ ಸವೆದು ಉರುಟಾಗಿವೆ. ಹಿಟ್ಟಿನ ಉಂಡೆಯನ್ನು ಮೆಲ್ಲಗೆ ಒತ್ತಿ ಮಾಡಿದ ಹಾಗೆ. ಕೂಪರ್ ಬ್ಲ್ಯಾಕ್ ಬಂದು ನೂರು ವರ್ಷ ಕಳೆದರೂ ಅದು ಹಳತಾಗಿಲ್ಲ. ಯಾಕೆ ಅಂದರೆ ಅದರ ತುಂಟತನ ಮೈಯಲ್ಲೇ ಇದೆ. ಮೇಲೆ ಅಂಟಿಸಿದ್ದಾಗಿದ್ದರೆ ಯಾವತ್ತೋ ಕಿತ್ತುಬರುತ್ತಿತ್ತು.

ಮೂರನೆಯ ದಾರಿ ನಾನು ನನ್ನ ಕ ಮೇಲೆ ಪ್ರಯೋಗಿಸಿದ್ದು. ತುದಿಗಳನ್ನು ಹೊರಗೆ ಬೆಳೆಸುವುದು. ಇದರ ಹೆಸರಾಂತ ಉದಾಹರಣೆ ‘ಕರ್ಲ್ಸ್’. ಕಾರ್ಲ್ ಕ್ರಾಸ್‌ಗ್ರೋವ್ ಮತ್ತು ಸ್ಟೀವ್ ಮ್ಯಾಟ್ಸನ್ 1995ರಲ್ಲಿ ಮೋನೋಟೈಪ್ ಕಂಪನಿಗೆ ಮಾಡಿದ್ದು. ಮೈಕ್ರೋಸಾಫ್ಟ್ ಆಫೀಸ್ ಜೊತೆ ಬಂದ ಕಾರಣ ಪ್ರಪಂಚದ ಮೂಲೆಮೂಲೆ ತಲುಪಿತು. ಹೆಸರೇ ಹೇಳುವ ಹಾಗೆ ತೆಳ್ಳಗಿನ ಗೆರೆ, ತುದಿಯಲ್ಲಿ ಸುರುಳಿ. ಹುಟ್ಟುಹಬ್ಬದ ಚೀಟಿ ಮಾಡುವಾಗ ನೀವೆಲ್ಲ ಒಂದಲ್ಲ ಒಂದು ಸಲ ಇದನ್ನು ಆರಿಸಿರುತ್ತೀರಿ. ಇದನ್ನು ಬೈಯುವವರು ತುಂಬಾ ಜನ. ಬೈಯುವ ಮುಂಚೆ ಹತ್ತು ನಿಮಿಷ ಕೂತು ನೋಡಿ ಅಂತ ನಾನು ಕೇಳಿಕೊಳ್ಳುತ್ತೇನೆ. ಸುರುಳಿಯ ಒಳಗಿನ ಬಿಳಿ ಜಾಗ ಎಷ್ಟಿರಬೇಕು, ಸುತ್ತು ಎಲ್ಲಿ ಮುಗಿಯಬೇಕು, ಯಾವ ಅಕ್ಷರಕ್ಕೆ ಸುರುಳಿ ಕೊಡಬಾರದು, ಎಲ್ಲವನ್ನೂ ಯೋಚಿಸಿ ಮಾಡಿದ್ದಾರೆ. ತೆಳು ಗೆರೆ ಇಟ್ಟುಕೊಂಡದ್ದೂ ಅದಕ್ಕೇ. ದಪ್ಪ ಗೆರೆಯಲ್ಲಿ ಸುರುಳಿ ಸುತ್ತಿದರೆ ಒಳಗಿನ ಬಿಳಿ ಮುಚ್ಚಿಹೋಗಿ ಕಪ್ಪು ಮುದ್ದೆ ಆಗುತ್ತದೆ.

ಇಂಗ್ಲಿಷ್ ಅಕ್ಷರಗಳಿಗೆ ಇದು ಯಾಕೆ ಒಗ್ಗುತ್ತದೆ ಅಂದರೆ, ಅಲ್ಲಿ ಖಾಲಿ ತುದಿಗಳು ಬೇಕಾದಷ್ಟಿವೆ. ಎಲ್, ಟಿ, ವೈ, ಕೆ. ನೇರ ಕೋಲು, ಕೋಲಿನ ತುದಿ ಬರಿದು. ಅಲ್ಲಿ ಒಂದು ಸುಳಿ ಇಟ್ಟರೆ ಅಕ್ಷರ ಬದಲಾಗುವುದಿಲ್ಲ. ಅಲ್ಲೂ ಎಚ್ಚರ ಬೇಕು ಅನ್ನಿ. ಸಣ್ಣ ಸಿ ಒಳಗೆ ಸುಳಿ ಜಾಸ್ತಿ ತಿರುಗಿದರೆ ಇ ಆಗಿಬಿಡುತ್ತದೆ. ಆದರೆ ಒಟ್ಟಿನಲ್ಲಿ ಜಾಗ ಇದೆ.

ಈಗ ನಮ್ಮ ಕ ಸುತ್ತ ಒಂದು ಪ್ರದಕ್ಷಿಣೆ ಹಾಕೋಣ. ನಾನು ತಿಂಗಳುಗಟ್ಟಲೆ ಹಾಕಿದ್ದೇನೆ.

ಕೆಳಗೆ ಬಲಕ್ಕೆ ಸುಳಿ ಹಾಕಿದರೆ ವಟ್ರಸುಳಿ. ಅದು ಆಯಿತು. ಇನ್ನೂ ಕೆಳಗೆ ಹೋದರೆ ಅದು ಒತ್ತಕ್ಷರದ ಮನೆ. ಸರಿ, ಬಲಗಡೆ ಹಾಕೋಣ ಅಂದರೆ ಅಲ್ಲಿ ಉಕಾರದ ಕೊಂಬು ಇದೆ. ಕ ಪಕ್ಕ ಮೇಲ್ಮುಖವಾಗಿ ಒಂದು ಬಳುಕು ಕೊಟ್ಟರೆ ಅದು ಕು. ಇನ್ನೂ ದೂರ ಸರಿದರೆ ದೀರ್ಘ. ಅರ್ಕಾವತ್ತು ಕೂರುವುದೂ ಅದೇ ಸಾಲಲ್ಲಿ. ಮೇಲೆ ಹೋಗೋಣ ಅಂದರೆ ಗುಡಿಸು. ತಲೆಯ ಮೇಲೆ ದುಂಡಗೆ ಸುತ್ತಿದರೆ ಕಿ. ಇನ್ನು ಉಳಿದದ್ದು ಹೊಟ್ಟೆ. ಅಲ್ಲಾದರೂ ಪುಟ್ಟ ಗೆರೆ, ಚುಕ್ಕಿ ಹಾಕೋಣ ಅಂದರೆ, ಪ ಹೊಟ್ಟೆ ಸೀಳಿದರೆ ಷ ಅಂತ ನಮಗೆ ಶಾಲೆಯಲ್ಲೇ ಹೇಳಿಕೊಟ್ಟಿದ್ದಾರೆ. ದ ಕೆಳಗೆ ಒಂದು ಸಣ್ಣ ಸೀಳು ಬಂದರೆ ಧ. ಡ, ಬ, ಪ ಎಲ್ಲಕ್ಕೂ ಅಲ್ಲೇ ಸೀಳಿ ಮಹಾಪ್ರಾಣ ಮಾಡುತ್ತೇವೆ.

ಸುಳಿ ಬೇಡ, ಅಕ್ಷರದ ಪಕ್ಕ ಪುಟ್ಟ ಗುಳ್ಳೆಗಳನ್ನು ತೇಲಿಬಿಡೋಣ ಅಂತ ಒಮ್ಮೆ ಯೋಚಿಸಿದೆ. ನೀರಿನ ಗುಳ್ಳೆ ಥರ. ‘ನದಿ’ ಅಂತ ಬರೆದು ನೋಡಿದೆ. ನ ಪಕ್ಕ ಗುಳ್ಳೆ ಕೂತಿತು. ‘ನಂದಿ’ ಆಯಿತು.

ಸುತ್ತ ಎಲ್ಲ ಜಾಗವೂ ಭರ್ತಿ. ಒಂದೊಂದು ಸುಳಿಗೂ ಒಂದೊಂದು ಸದ್ದು. ನನ್ನ ಕಣ್ಣಿಗೆ ಇದು ಮೊದಲು ದೊಡ್ಡ ಅಡ್ಡಿ ಅಂತ ಕಂಡಿತ್ತು. ಆಮೇಲೆ, ಎಷ್ಟು ಅಚ್ಚುಕಟ್ಟಾಗಿ ಯಾರೂ ಯಾರ ಜಾಗಕ್ಕೂ ಬರದ ಹಾಗೆ ಈ ಗುರುತುಗಳು ಕೂತಿವೆ ಅನ್ನುವುದು ಅರ್ಥವಾದಾಗ, ಲಿಪಿಯ ಮೇಲೆ ಪ್ರೀತಿ ಹೆಚ್ಚಾಯಿತು. ‘ಹೂವು’ ಅನ್ನುವ ಪದವನ್ನೇ ನೋಡಿ. ಬೇರೆ ಹೆಚ್ಚಿನ ಅಕ್ಷರಗಳಿಗೆ ಕೊಂಬು ಬಲಗಡೆ ಅಂಟುತ್ತದೆ. ವ ಅಕ್ಷರಕ್ಕೆ ಹಾಗೆ ಅಂಟಿಸಿದರೆ ಅದು ಮ ಥರ ಕಾಣುತ್ತದೆ. ಅದಕ್ಕೇ ವು ಬರೆಯುವಾಗ ಕೊಂಬನ್ನು ಕೆಳಗಿನಿಂದ ಸೇರಿಸುತ್ತೇವೆ. ನೀವು ದಿನಾ ಬರೆಯುತ್ತೀರಿ, ಗಮನಿಸಿರಲಿಕ್ಕಿಲ್ಲ. ಕೈಬರಹದಲ್ಲಿ ನೂರಾರು ವರ್ಷ ಬರೆದು ಬರೆದು ಪಳಗಿದ ಜಾಣತನ ಇದು. ಒಬ್ಬ ಫಾಂಟ್ ಮಾಡುವವ ಅವಸರದಲ್ಲಿ ಇದನ್ನು ಮರೆತರೆ ‘ಹೂವು’ ಹೋಗಿ ‘ಹೂಮ’ ಆಗುತ್ತದೆ.

ಹಾಗಾದರೆ ತಲೆಕಟ್ಟು? ಎಲ್ಲರಿಗೂ ಹೊಳೆಯುವುದು ಅದೇ. ತಲೆಕಟ್ಟಿನ ಬಲತುದಿ ಬರಿದಾಗಿ ಮೇಲೆದ್ದಿರುತ್ತದೆ. ಅಲ್ಲಿ ಎಲೆ ಚಿಗುರಿಸಬಹುದು, ಸುರುಳಿ ಸುತ್ತಬಹುದು. ನಾನೂ ಎರಡನೇ ಕರಡಿನಲ್ಲಿ ಅದನ್ನೇ ಮಾಡಿದೆ. ಕ, ತ, ನ, ಮ, ರ ಎಲ್ಲದರ ತಲೆ ಮೇಲೂ ಒಂದೊಂದು ಚಿಗುರು. ಕಣ್ಣಿಗೆ ಹಬ್ಬ. ಆಮೇಲೆ ಕಾಗುಣಿತ ಬರೆಯಲು ಕೂತೆ. ಕ ಮೇಲೆ ಚಿಗುರು ಇದೆ. ಕಾ ಅಂದ ಕೂಡಲೇ ತಲೆಕಟ್ಟಿನ ಜಾಗಕ್ಕೆ ಬೇರೆ ಗೆರೆ ಬಂತು. ಕಿ ಅಂದರೆ ಗುಡಿಸು ಬಂದು ತಲೆಕಟ್ಟು ಹೋಯಿತು. ಕೆ ಅಂದರೂ ಹೋಯಿತು. ಕು, ಕೂ, ಕೃ, ಕಂ, ಕಃ ಇವುಗಳಲ್ಲಿ ಮಾತ್ರ ಉಳಿಯಿತು. ತಲೆಕಟ್ಟು ಅಂದರೆ ಅ ಸ್ವರದ ಗುರುತು ತಾನೇ. ಬೇರೆ ಸ್ವರ ಬಂದರೆ ಅದು ಜಾಗ ಬಿಟ್ಟುಕೊಡುತ್ತದೆ. ಮೇಲಾಗಿ ಖ, ಜ, ಟ, ಣ, ಬ, ಲ ಈ ಅಕ್ಷರಗಳಿಗೆ ತಲೆಕಟ್ಟೇ ಇಲ್ಲ. ‘ಜಗ’ ಅಂತ ಬರೆದರೆ ಒಂದಕ್ಕೆ ಚಿಗುರು, ಇನ್ನೊಂದು ಬೋಳು. ‘ಬಲ’ ಅಂತ ಬರೆದರೆ ಎರಡೂ ಬೋಳು. ಅಕ್ಷರಮಾಲೆಯ ಪಟ್ಟಿಯಲ್ಲಿ ತೋಟದಂತೆ ಇದ್ದದ್ದು ವಾಕ್ಯದಲ್ಲಿ ಅಲ್ಲಲ್ಲಿ ಕಳೆ ಬೆಳೆದಂತೆ ಕಂಡಿತು.

ಒಂದು ಫಾಂಟ್ ಚೆನ್ನಾಗಿದೆಯಾ ಅಂತ ಅಕ್ಷರಮಾಲೆಯ ಪಟ್ಟಿ ನೋಡಿ ಹೇಳಬೇಡಿ. ಯಾವಾಗಲೂ ಪದ ಬರೆದು ನೋಡಿ. ನನ್ನ ಹತ್ತಿರ ಒಂದು ಪದಗಳ ಹಾಳೆ ಇದೆ. ಅಕ್ಕ, ಅಜ್ಜಿ, ಕಣ್ಣು, ಹೂವು, ನದಿ, ಮೃಗ, ವಸ್ತ್ರ, ಸೂರ್ಯ, ಲಕ್ಷ್ಮಿ, ರಾಷ್ಟ್ರ. ಹೊಸ ಫಾಂಟ್‌ಗೆ ಮೊದಲ ಪರೀಕ್ಷೆ ಈ ಹಾಳೆ. ‘ರಾಷ್ಟ್ರ’ ಒಂದು ಪದ ಸಾಕು ಬೆವರಿಳಿಸಲು. ಷ ಕೆಳಗೆ ಟ ಒತ್ತು, ಅದರ ಜೊತೆಗೆ ರ ಒತ್ತು. ಷ ಬಾಲ ಬೆಳೆಸಿದ್ದರೆ ಅದು ನೇರ ಟ ಮೇಲೆ ಬೀಳುತ್ತದೆ.

ಹೊರಗೆ ಬೆಳೆಸುವ ದಾರಿ ನಮಗೆ ಹೆಚ್ಚು ದೂರ ಹೋಗುವುದಿಲ್ಲ ಅಂತ ಖಚಿತವಾದ ಮೇಲೆ ನಾನು ಹೋಬೋ, ಕೂಪರ್ ಬ್ಲ್ಯಾಕ್ ಕಡೆ ಮತ್ತೆ ತಿರುಗಿದೆ. ಕನ್ನಡದಲ್ಲಿ ಸುಳಿ ಸೇರಿಸುವ ಅಗತ್ಯವೇ ಇಲ್ಲ. ಸುಳಿಗಳು ಈಗಾಗಲೇ ಇವೆ. ಅವನ್ನು ಎಷ್ಟು ದಪ್ಪ ಮಾಡುತ್ತೀರಿ, ಎಲ್ಲಿ ತೆಳ್ಳಗಾಗಿಸುತ್ತೀರಿ, ಎಷ್ಟು ಓರೆ ನಿಲ್ಲಿಸುತ್ತೀರಿ, ಹೊಟ್ಟೆ ಎಷ್ಟು ಉಬ್ಬಿಸುತ್ತೀರಿ, ತುದಿಯನ್ನು ಕತ್ತರಿಸಿದಂತೆ ನಿಲ್ಲಿಸುತ್ತೀರೋ ಹನಿಯಂತೆ ಉರುಟು ಮಾಡುತ್ತೀರೋ, ತುಂಟತನ ಎಲ್ಲ ಅಲ್ಲಿಂದ ಬರಬೇಕು.

ಏಕ್ ಟೈಪ್ ತಂಡದ ‘ಬಲೂ ತಮ್ಮ’ ನೋಡಿ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ, ನಿಮ್ಮಲ್ಲಿ ಅನೇಕರು ಬಳಸಿರುತ್ತೀರಿ. ಮೊದಲು ಒಂದೇ ದಪ್ಪದಲ್ಲಿ ಬಂತು, ನಂತರ ‘ಬಲೂ ತಮ್ಮ 2’ ಐದು ದಪ್ಪಗಳಲ್ಲಿ ಬಂತು. ಅದರಲ್ಲಿ ಸೇರಿಸಿದ ಅಲಂಕಾರ ಅಂತ ಏನೂ ಇಲ್ಲ. ತುಂಬಿಕೊಂಡ ಕೆನ್ನೆಯ ಹಾಗೆ ಮೈ ಉಬ್ಬಿದೆ, ಅಷ್ಟೇ. ‘ಅಕಾಯ ಕನಡಕ’ ಇನ್ನೊಂದು. ಅದರ ಕನ್ನಡ ಅಕ್ಷರಗಳ ಓಟ ನಾವು ನೋಡಿ ರೂಢಿಯಾದ ದುಂಡಗಿನ ಓಟದಂತಿಲ್ಲ. ಮೊದಲ ನೋಟಕ್ಕೆ ಕಣ್ಣು ತಡೆದು ನಿಲ್ಲುತ್ತದೆ, ಆದರೆ ಓದು ನಿಲ್ಲುವುದಿಲ್ಲ. ಇವೆರಡನ್ನೂ ಅಕ್ಕಪಕ್ಕ ಇಟ್ಟು ಒಂದೇ ಪದ ಬರೆದು ನೋಡಿ. ಒಂದು ಮುದ್ದು ಮಾಡುತ್ತದೆ, ಇನ್ನೊಂದು ಕೆಣಕುತ್ತದೆ. ಯಾವುದಕ್ಕೂ ಹೆಚ್ಚುವರಿ ಸುಳಿ ಬೇಕಾಗಿಲ್ಲ.

ಕುಣಿತದ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ತಮಾಷೆಯ ಫಾಂಟ್ ಅಂದರೆ ಅಕ್ಷರಗಳು ಒಂದು ಮೇಲೆ ಒಂದು ಕೆಳಗೆ ಜಿಗಿಯುತ್ತಿರಬೇಕು ಅಂತ ಎಲ್ಲರಿಗೂ ಆಸೆ. ಕೈಯಲ್ಲಿ ಬರೆದರೆ ಸುಲಭ. ಫಾಂಟ್‌ನಲ್ಲಿ ತೊಂದರೆ ಏನೆಂದರೆ, ಅದೇ ಅಕ್ಷರ ಎರಡು ಸಲ ಬಂದಾಗ ಅದೇ ರೀತಿ ಜಿಗಿಯುತ್ತದೆ. ‘ಗಗನ’ ಅಂತ ಬರೆದರೆ ಎರಡು ಗ ಕೂಡ ಒಂದೇ ಕಡೆ ವಾಲಿರುತ್ತವೆ. ಕೂಡಲೇ ಯಂತ್ರದ್ದು ಅಂತ ಗೊತ್ತಾಗಿಬಿಡುತ್ತದೆ. ಈ ಸಮಸ್ಯೆ ಹಿಡಿದು ಎರಿಕ್ ವಾನ್ ಬ್ಲೋಕ್‌ಲಾಂಡ್ ಮತ್ತು ಜಸ್ಟ್ ವಾನ್ ರಾಸಮ್ ಅನ್ನುವ ಇಬ್ಬರು ಡಚ್ ತರುಣರು ‘ಬಿಯೋವುಲ್ಫ್’ ಮಾಡಿದರು. 1990ರಲ್ಲಿ ಅದು ಮಾರಾಟಕ್ಕೆ ಬಂತು. ಅದರ ಅಕ್ಷರಗಳ ಅಂಚು ಪ್ರತಿ ಸಲ ಪ್ರಿಂಟ್ ಆಗುವಾಗಲೂ ಬೇರೆ ಬೇರೆ ಥರ ಅಲುಗುತ್ತಿತ್ತು. ಒಂದೇ ಪುಟದಲ್ಲಿ ಒಂದೇ ಅಕ್ಷರ ಎರಡು ಸಲ ಒಂದೇ ರೂಪದಲ್ಲಿ ಬರುತ್ತಿರಲಿಲ್ಲ. 2011ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು.

ಈಗ ನಮಗೆ ಓಪನ್‌ಟೈಪ್ ಅನ್ನುವ ಫಾಂಟ್ ಮಾದರಿ ಇದೆ. ಒಂದೇ ಗ ಅಕ್ಷರಕ್ಕೆ ಮೂರು ರೂಪ ಬರೆದಿಟ್ಟು, ಪಕ್ಕದಲ್ಲಿ ಯಾರಿದ್ದಾರೆ ನೋಡಿಕೊಂಡು ರೂಪ ಬದಲಿಸು ಅಂತ ಫಾಂಟ್‌ಗೇ ನಿಯಮ ಬರೆಯಬಹುದು. ಕನ್ನಡದಲ್ಲಿ ಕೆಲಸ ಸ್ವಲ್ಪ ಜಾಸ್ತಿ. ಅಕ್ಷರ ಜಿಗಿದರೆ ಅದರ ಒತ್ತು, ಗುಡಿಸು, ದೀರ್ಘ ಎಲ್ಲ ಕೈ ಹಿಡಿದುಕೊಂಡು ಜೊತೆಗೇ ಜಿಗಿಯಬೇಕು. ಇಲ್ಲದಿದ್ದರೆ ಅಮ್ಮ ಮೇಲಿನ ಮೆಟ್ಟಿಲಲ್ಲಿ, ಮಗು ಕೆಳಗೆ ಅಂತ ಆಗುತ್ತದೆ. ನನ್ನ ಅನುಭವದಲ್ಲಿ ಮೂರು ಮಟ್ಟ ಸಾಕು. ಗೆರೆಯ ಮೇಲೆ, ಸ್ವಲ್ಪ ಎತ್ತರ, ಸ್ವಲ್ಪ ತಗ್ಗು. ಅದಕ್ಕಿಂತ ಹೆಚ್ಚಾದರೆ ಒತ್ತಕ್ಷರ ಇರುವ ಸಾಲು ಕೆಳಗಿನ ಸಾಲನ್ನು ತುಳಿಯುತ್ತದೆ.

ಇನ್ನು ಬಳಕೆಯ ವಿಷಯ. ಇಲ್ಲಿ ‘ಕಾಮಿಕ್ ಸಾನ್ಸ್’ ಕತೆ ಹೇಳದೆ ಮುಂದೆ ಹೋಗಲು ಆಗುವುದಿಲ್ಲ. 1994ರಲ್ಲಿ ಮೈಕ್ರೋಸಾಫ್ಟ್‌ನಲ್ಲಿದ್ದ ವಿನ್ಸೆಂಟ್ ಕೊನೇರ್ ಒಂದು ಹೊಸ ಸಾಫ್ಟ್‌ವೇರ್ ನೋಡುತ್ತಿದ್ದರು. ಮನೆಮಂದಿಗಾಗಿ ಮಾಡಿದ್ದು, ಹೆಸರು ‘ಬಾಬ್’. ಅದರಲ್ಲಿ ಒಂದು ಕಾರ್ಟೂನ್ ನಾಯಿ ಮಾತಾಡುತ್ತಿತ್ತು. ಮಾತಿನ ಗುಳ್ಳೆಯೊಳಗಿನ ಅಕ್ಷರ ಮಾತ್ರ ಪತ್ರಿಕೆಗಾಗಿ ಹುಟ್ಟಿದ ಟೈಮ್ಸ್ ನ್ಯೂ ರೋಮನ್. ನಾಯಿ ಪತ್ರಿಕೆಯ ಸಂಪಾದಕರ ಥರ ಮಾತಾಡುವುದು ಅವರಿಗೆ ಸರಿ ಕಾಣಲಿಲ್ಲ. ಕಾಮಿಕ್ಸ್ ಪುಸ್ತಕಗಳ ಕೈಬರಹ ನೋಡಿಕೊಂಡು ಹೊಸ ಅಕ್ಷರ ಮಾಡಿದರು. ಆ ಅಕ್ಷರ ಬಾಬ್ ಒಳಗೆ ಸೇರಲು ತಡವಾಯಿತು. ಆದರೆ ಆಮೇಲೆ ವಿಂಡೋಸ್ ಜೊತೆ ಎಲ್ಲರ ಕಂಪ್ಯೂಟರಿಗೂ ಹೋಯಿತು. ಎಚ್ಚರಿಕೆಯ ಫಲಕ, ಕಚೇರಿಯ ಪತ್ರ, ಸಮಾಧಿಯ ಕಲ್ಲು, ಎಲ್ಲೆಂದರಲ್ಲಿ ಬಳಸಿದರು. 2012ರ ಜುಲೈ 4ರಂದು ಸರ್ನ್ ವಿಜ್ಞಾನಿಗಳು ಹಿಗ್ಸ್ ಬೋಸಾನ್ ಅನ್ನುವ ಕಣದ ಬಗ್ಗೆ ಪ್ರಪಂಚಕ್ಕೆ ತಿಳಿಸಿದಾಗ ಒಂದು ತಂಡದ ಸ್ಲೈಡುಗಳು ಕಾಮಿಕ್ ಸಾನ್ಸ್‌ನಲ್ಲೇ ಇದ್ದವು. ಅಷ್ಟು ದೊಡ್ಡ ಶೋಧದ ದಿನ ಎಷ್ಟೋ ಜನ ಅಕ್ಷರದ ಬಗ್ಗೆ ಮಾತಾಡಿದರು.

ಕೊನೇರ್ ಅವರ ಮೊದಲ ಅನಿಸಿಕೆ ಪೂರ್ತಿ ಸರಿ ಅಂತ ನಾನು ನಂಬುತ್ತೇನೆ. ನಾಯಿಗೆ ನಾಯಿಯ ದನಿ ಬೇಕು ಅನ್ನುವುದು. ಆ ದನಿಯನ್ನು ಸಮಾಧಿಯ ಕಲ್ಲಿಗೆ ಕೊಟ್ಟವರು ಬೇರೆಯವರು. ಅಲಂಕಾರದ ಅಕ್ಷರ ಪದಕ್ಕಿಂತ ಮೊದಲೇ ಮಾತಾಡಿಬಿಡುತ್ತದೆ. ‘ಬನ್ನಿ’ ಅಂತ ಉಬ್ಬಿದ ಅಕ್ಷರದಲ್ಲಿ ಬರೆದರೆ ಕರೆದ ಹಾಗೆ ಇರುತ್ತದೆ. ‘ಪ್ರವೇಶವಿಲ್ಲ’ ಅಂತ ಅದೇ ಅಕ್ಷರದಲ್ಲಿ ಬರೆದರೆ, ನಿಜವಾಗಿ ಹೇಳುತ್ತಿದ್ದಾರಾ ಅಂತ ಓದುವವರಿಗೆ ಅನುಮಾನ. ಔಷಧಿ ಚೀಟಿ, ಅಪಾಯದ ಸೂಚನೆ, ಸಾವಿನ ಸುದ್ದಿ ಇಂಥ ಕಡೆ ದಯವಿಟ್ಟು ಬಳಸಬೇಡಿ. ಇದರಲ್ಲಿ ರಾಜಿ ಇಲ್ಲ.

ಬಳಸುವಾಗ ನಾನು ಇಷ್ಟು ನೋಡಿಕೊಳ್ಳುತ್ತೇನೆ. ಪದಗಳು ಕಡಿಮೆ ಇರಲಿ. ನಾಲ್ಕೈದು ಪದ ದಾಟಿದರೆ ಓದುವವರು ಸುಸ್ತಾಗುತ್ತಾರೆ. ಸುತ್ತ ಬಿಳಿ ಜಾಗ ಧಾರಾಳವಾಗಿ ಬಿಡಿ. ಪಕ್ಕದಲ್ಲಿ ಇನ್ನೊಂದು ಅಲಂಕಾರದ ಫಾಂಟ್ ಬೇಡವೇ ಬೇಡ. ಜೊತೆಗೆ ಬರುವ ಸಣ್ಣ ಬರಹ ಸಾದಾ ಆಗಿರಲಿ. ಜಾಗ ತುಂಬಲಿಲ್ಲ ಅಂತ ಅಕ್ಷರವನ್ನು ಅಡ್ಡಕ್ಕೆ ಎಳೆಯಬೇಡಿ. ಗೆರೆಗಳ ದಪ್ಪ ಕೆಡುತ್ತದೆ, ಸುತ್ತುಗಳು ಚಪ್ಪಟೆಯಾಗುತ್ತವೆ. ಅಕ್ಷರಗಳ ನಡುವಿನ ಅಂತರ ಹಿಗ್ಗಿಸುವುದು ಇಂಗ್ಲಿಷ್‌ನಲ್ಲಿ ಸಾಮಾನ್ಯ. ಕನ್ನಡದಲ್ಲಿ ಹಾಗೆ ಮಾಡಿದರೆ ಕೆಲವು ಸಾಫ್ಟ್‌ವೇರ್‌ಗಳಲ್ಲಿ ದೀರ್ಘ ಒಂದು ಕಡೆ, ಅಕ್ಷರ ಒಂದು ಕಡೆ ಹೋಗುತ್ತದೆ. ಮಾಡಿದ್ದನ್ನು ಫೋನಿನಲ್ಲಿ ಚಿಕ್ಕದಾಗಿಯೂ ನೋಡಿ. ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಬಳ್ಳಿ ಕಂಡದ್ದು ಅಲ್ಲಿ ಕಲೆಯಂತೆ ಕಾಣಬಹುದು.

ಫೋನ್ ಅಂದಾಗ ನೆನಪಾಯಿತು. ಇಂಗ್ಲಿಷ್ ಹೆಸರುಗಳನ್ನು ಸುರುಳಿ ಅಕ್ಷರದಲ್ಲಿ ಬರೆದುಕೊಡುವ ಆಪ್‌ಗಳಿವೆ. ಅವು ಫಾಂಟ್ ಬದಲಿಸುವುದಿಲ್ಲ. ಗಣಿತದ ಚಿಹ್ನೆಗಳಿಗಾಗಿ ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರುಗಳು ಬಳಸುವ ಅಕ್ಷರಗಳ ಪಟ್ಟಿಯಲ್ಲಿ, ಇಟ್ಟಿರುವ ಬೇರೆಯೇ ಅಕ್ಷರಗಳನ್ನು ತಂದು ಅಂಟಿಸುತ್ತವೆ. ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಲ್ಲಿ ಕೇಳುವಾಗ ಹೆಸರಿನ ಬದಲು ಒಂದೊಂದೇ ಚಿಹ್ನೆಯ ಉದ್ದನೆಯ ವಿವರಣೆ ಕೇಳಬೇಕಾಗಬಹುದು, ಇಲ್ಲವೇ ಏನೂ ಕೇಳಿಸದೇ ಹೋಗಬಹುದು. ಒಳ್ಳೆಯ ಫಾಂಟ್ ಹಾಗಲ್ಲ. ಹೊರಗೆ ಎಷ್ಟು ಕುಣಿದರೂ ಒಳಗಿನ ಅಕ್ಷರ ಅದೇ ಇರುತ್ತದೆ.

ಮಾತು ಮುಗಿದ ಮೇಲೆ ಇಬ್ಬರು ಪ್ರಶ್ನೆ ಕೇಳಿದರು. ಅದನ್ನೂ ಇಲ್ಲಿ ಸೇರಿಸುತ್ತಿದ್ದೇನೆ.

ಮೊದಲನೆಯವರು ಕಾಲೇಜು ಹುಡುಗಿ. ‘ನಾನೂ ಒಂದು ಫಾಂಟ್ ಮಾಡಬೇಕು ಅಂತಿದ್ದೇನೆ ಸರ್, ಯಾವ ಅಕ್ಷರದಿಂದ ಶುರು ಮಾಡಲಿ?’ ಅಂದರು. ಅ ಇಂದ ಶುರು ಮಾಡಬೇಡಿ ಅಂದೆ. ಕ, ರ, ಪ, ಲ, ಮ ಬರೆಯಿರಿ. ಕ ಬಂದರೆ ಅಡ್ಡಗೆರೆ ಹಾಯುವುದು ತೀರ್ಮಾನ ಆಗುತ್ತದೆ. ರ ಬಂದರೆ ದುಂಡು ಎಷ್ಟು ಅಂತ ಗೊತ್ತಾಗುತ್ತದೆ. ಪ ಬಂದರೆ ಷ, ಫ, ಘ ದಾರಿ ಸಿಗುತ್ತದೆ. ಲ ಬಂದರೆ ಒಳಸುತ್ತು ಹೇಗೆ ಅಂತ ಕಾಣುತ್ತದೆ. ಮೊದಲು ಕಾಗದದ ಮೇಲೆ, ದಪ್ಪ ಪೆನ್ಸಿಲಿನಲ್ಲಿ. ಐದು ಅಕ್ಷರ ಒಂದೇ ಮನೆಯವರ ಥರ ಕಂಡ ಮೇಲೆ ಕಂಪ್ಯೂಟರ್ ತೆರೆಯಿರಿ. ಅವರು ಬರೆದುಕೊಂಡರು. ಅವರ ಫಾಂಟ್ ನೋಡಲು ನಾನು ನಿಜಕ್ಕೂ ಕಾಯುತ್ತಿದ್ದೇನೆ.

ಎರಡನೆಯವರು ಹಿರಿಯರು. ‘ಕೊನೆಗೆ ನಿಮ್ಮ ಆ ಕ ಏನಾಯಿತು? ಸುಳಿ ತೆಗೆದುಬಿಟ್ಟಿರಾ?’ ಅಂದರು.

ತೆಗೆದೆ. ಕ ಕೆಳಗೆ ಈಗ ಏನೂ ಇಲ್ಲ. ಮೈ ಉಬ್ಬಿದೆ, ಸ್ವಲ್ಪ ಎಡಕ್ಕೆ ವಾಲಿದೆ. ಒಂದೊಂದಾಗಿ ಎಲ್ಲ ಅಕ್ಷರಗಳ ಸುಳಿಯನ್ನೂ ತೆಗೆದೆ. ಆದರೆ ಆ ಮೊದಲ ಸುಳಿಯನ್ನು ಬಿಸಾಡಲು ಮನಸ್ಸಾಗಲಿಲ್ಲ. ಅದನ್ನು ವಟ್ರಸುಳಿಗೇ ಕೊಟ್ಟೆ. ಆ ಫಾಂಟ್‌ನಲ್ಲಿ ‘ಮೃಗ’ ಅಂತ ಬರೆದರೆ ಮೃ ಕೆಳಗಿನ ಸುಳಿ ಉದ್ದಕ್ಕೆ ಚಾಚಿ, ಗ ಕೆಳಗಿನ ಖಾಲಿ ಜಾಗಕ್ಕೆ ಹೋಗಿ ಒಂದು ಸುತ್ತು ಸುತ್ತುತ್ತದೆ. ‘ಕೃಷ್ಣ’ ಅಂತ ಬರೆದರೆ ಪಕ್ಕದಲ್ಲಿ ಣ ಒತ್ತು ಕೂತಿರುತ್ತದೆ. ಅಲ್ಲಿ ಸುಳಿ ಕೃ ಕೆಳಗೇ ಮಡಚಿಕೊಂಡು ನಿಲ್ಲುತ್ತದೆ.